ಸೋಂಕು ಮತ್ತು ಚಿತ್ತವಿಕಾರ

ಸುಳ್ಯ ಸೀಮೆಯ ಯಾವ ಗ್ರಾಮದಲ್ಲಾದರೂ, ನಿನ್ನೆಯವರೆಗೆ ನೆಟ್ಟಗಿದ್ದ ಮನುಷ್ಯನೊಬ್ಬನು ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡತೊಡಗಿದರೆ, ಮನೆಯ ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು ‘ಏನೋ ಸೋಂಕಾಗಿದೆ’ ಎಂಬುದಾಗಿರುತ್ತದೆ. ಗಾಳಿಯ ಸೋಂಕು, ಪೀಡೆಯ ಸೋಂಕು ಎಂದು ಅದಕ್ಕೆ ಹೆಸರುಗಳೂ ಉಂಟು. ಸರಕಾರಿ ಆಸ್ಪತ್ರೆಯ ಗೋಡೆಗೆ ಅಂಟಿಸಿದ ಪ್ರಕಟನೆಯಲ್ಲಿಯೂ ಇದೇ ‘ಸೋಂಕು’ ಎಂಬ ಶಬ್ದವೇ ಇರುತ್ತದೆ. ಒಂದೇ ಶಬ್ದವನ್ನು ಮನೆಯವರು ಒಂದರ್ಥದಲ್ಲಿಯೂ ವೈದ್ಯರು ಬೇರೊಂದರ್ಥದಲ್ಲಿಯೂ ಬಳಸುತ್ತಾರೆ. ಈ ಎರಡು ಅರ್ಥಗಳ ನಡುವೆ ವ್ಯರ್ಥವಾಗಿ ಕಳೆಯುವ ನಾಲ್ಕಾರು ದಿನಗಳಲ್ಲಿ ಒಂದು ಜೀವವೇ ಕೈಬಿಟ್ಟುಹೋಗಬಹುದು. ಆದಕಾರಣವೇ ಈ ವಿಷಯವನ್ನು ಇಂದು ವಾಚಕರ ಮುಂದಿಡಲು ಉದ್ಯುಕ್ತರಾಗಿದ್ದೇವೆ.

ಕಣ್ಣಿಗೆ ಕಾಣದ ವೈರಾಣುಗಳು ಮನುಷ್ಯನ ಬುದ್ಧಿಯನ್ನು ಕೆಡಿಸಬಲ್ಲವೇ? ಕೆಡಿಸಬಲ್ಲವಾದರೆ ಎಷ್ಟರಮಟ್ಟಿಗೆ? ನಾವು ವೈದ್ಯರಲ್ಲ. ಆದರೆ ವೈದ್ಯರು ಪರೀಕ್ಷಿಸಿ ನಿಶ್ಚಯಿಸಿರುವುದು ಯಾವುದು, ಇನ್ನೂ ವಿಚಾರದಲ್ಲಿರುವುದು ಯಾವುದು ಎಂಬುದನ್ನು ಬೇರೆಬೇರೆಯಾಗಿ ತಿಳಿಸುವುದು ಪತ್ರಿಕೆಯ ಕರ್ತವ್ಯವೆಂದು ನಂಬಿದ್ದೇವೆ.

ಹುಚ್ಚುನಾಯಿಯ ಸಾಕ್ಷ್ಯ

ಈ ಪ್ರಶ್ನೆಯ ಮೊದಲನೆಯ ಭಾಗಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಭಾಷೆಯೇ ಅದನ್ನು ಎಂದೋ ಹೇಳಿಬಿಟ್ಟಿದೆ. ರೇಬಿಸ್ ತಗಲಿದ ನಾಯಿಯನ್ನು ನಾವು ಹುಚ್ಚುನಾಯಿ ಎನ್ನುತ್ತೇವೆ. ಅದು ಕಚ್ಚಿದ ಮನುಷ್ಯನಿಗೂ ಅದೇ ಹುಚ್ಚು ಬರುವುದೆಂದು ನಮ್ಮ ಅಜ್ಜಂದಿರು ತಿಳಿದಿದ್ದರು. ಒಂದು ಜೀವಿಯಿಂದ ಇನ್ನೊಂದು ಜೀವಿಗೆ ಬಾಯಿಯ ಜೊಲ್ಲಿನ ಮೂಲಕ ಹುಚ್ಚು ದಾಟಬಹುದೆಂಬ ಈ ತಿಳಿವಳಿಕೆ ಯಾವ ಸೂಕ್ಷ್ಮದರ್ಶಕವೂ ಇಲ್ಲದ ಕಾಲದಿಂದಲೂ ಇತ್ತು.

ಜೊಲ್ಲಿನಲ್ಲಿರುವ ವೈರಾಣುವು ಗಾಯದಿಂದ ನರವನ್ನು ಹಿಡಿದು, ನರದೊಳಗೆಯೇ ಮೆಲ್ಲನೆ ಸಾಗಿ ಮೆದುಳನ್ನು ಸೇರುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು, ಕೆಲವೊಮ್ಮೆ ಒಂದು ವರ್ಷವೇ ಹಿಡಿಯಬಹುದು. ಅಷ್ಟರಲ್ಲಿ ಗಾಯವು ಮಾಯ್ದು, ಕಚ್ಚಿದ ಸಂಗತಿಯೇ ಮರೆತುಹೋಗಿರುತ್ತದೆ. ಆಮೇಲೆ ಒಂದು ದಿನ ಜ್ವರ, ಕಾರಣವಿಲ್ಲದ ಭಯ, ನಿದ್ರಾನಾಶ, ಉದ್ರೇಕ, ಇಲ್ಲದುದನ್ನು ಕಾಣುವುದು ಮೊದಲಾದವು ತೋರುತ್ತವೆ. ನೀರನ್ನು ಕಂಡರೆ ಗಂಟಲು ಸೆಟೆದುಕೊಳ್ಳುವ ಜಲಭೀತಿಯು ಕಾಣಿಸಿಕೊಂಡಾಗ ರೋಗವನ್ನು ಯಾರಾದರೂ ಗುರುತಿಸಬಹುದು. ಆದರೆ ಅದಕ್ಕೆ ಮೊದಲು ನೋಡಿದವರಿಗೆ ಇದು ಕೇವಲ ಚಿತ್ತಭ್ರಮೆಯೆಂದೇ ತೋರುವ ಸಂಭವವುಂಟು.

ಇದು ನಮ್ಮ ಊಹೆಯಲ್ಲ. ನಮ್ಮ ನಾಡಿನಲ್ಲಿಯೇ ದಾಖಲಾಗಿರುವ ಸಂಗತಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ರೇಬಿಸ್ ರೋಗವು ಮಾನಸಿಕ ವ್ಯಾಧಿಯ ವೇಷದಲ್ಲಿ ಕಾಣಿಸಿಕೊಂಡ ಪ್ರಸಂಗಗಳನ್ನು ೧೯೮೪ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮನೋವೈದ್ಯರಾದ ಎಸ್. ಎಂ. ಚನ್ನಬಸವಣ್ಣನವರೂ ನರರೋಗಶಾಸ್ತ್ರಜ್ಞರಾದ ಎಸ್. ಕೆ. ಶಂಕರ್ ಅವರೂ ಆ ಲೇಖಕರಲ್ಲಿ ಸೇರಿದ್ದರು. ಮನಸ್ಸಿನ ರೋಗವೆಂದು ಕಂಡುದರ ಬೇರು ಮೆದುಳಿನಲ್ಲಿ ನೆಲಸಿದ ವೈರಾಣುವಿನಲ್ಲಿದ್ದಿತು.

ರೇಬಿಸ್ ಒಮ್ಮೆ ಮೆದುಳಿಗೇರಿದ ಮೇಲೆ ಬದುಕಿದವರು ಅತಿ ವಿರಳ. ಆದರೆ ಕಚ್ಚಿದ ಕೂಡಲೇ ಲಸಿಕೆ ಹಾಕಿಸಿಕೊಂಡರೆ ಅದನ್ನು ತಡೆಯಬಹುದು. ಪ್ಯಾರಿಸ್ಸಿನಲ್ಲಿ ಲೂಯಿ ಪಾಸ್ಟರನು ೧೮೮೫ರ ಜುಲೈ ೬ರಂದು ಹುಚ್ಚುನಾಯಿ ಕಚ್ಚಿದ ಬಾಲಕನೊಬ್ಬನಿಗೆ ಮೊದಲ ಚುಚ್ಚುಮದ್ದನ್ನು ಕೊಡಿಸಿದನು. ದಕ್ಷಿಣ ಭಾರತಕ್ಕೆಂದು ೧೯೦೭ರಲ್ಲಿ ಕೂನೂರಿನಲ್ಲಿ ಪಾಸ್ಟರ್ ಸಂಸ್ಥೆಯು ಸ್ಥಾಪಿತವಾಯಿತು. ಕುರಿಯ ಮೆದುಳಿನಿಂದ ತಯಾರಿಸಿ ಹೊಟ್ಟೆಗೆ ಚುಚ್ಚುತ್ತಿದ್ದ ಹಳೆಯ ಲಸಿಕೆಯ ಭಯ ಹಲವರಲ್ಲಿ ಇನ್ನೂ ಉಳಿದಿದೆ. ಆ ಲಸಿಕೆಯು ೨೦೦೪ರ ಕೊನೆಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ತೋಳಿಗೆ ಕೊಡುವ ಕೆಲವೇ ಚುಚ್ಚುಮದ್ದುಗಳು ಸಾಕು. ಇಷ್ಟಾದರೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೫೯,೦೦೦ ಜನರು ಈ ರೋಗದಿಂದ ಸಾಯುತ್ತಾರೆಂದೂ ಅವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವರು ಭಾರತದವರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೇಳುತ್ತದೆ. ಇದು ನಾಚಿಕೆಪಡತಕ್ಕ ಸಂಗತಿ.

ತುಟಿಯ ಗುಳ್ಳೆಯಿಂದ ಮೆದುಳಿನ ಜ್ವರಕ್ಕೆ

ರೇಬಿಸಿಗೆ ಕೊನೆಯಲ್ಲಿ ಔಷಧವಿಲ್ಲವೆಂದು ಹೇಳಿದೆವು. ಔಷಧವಿದ್ದೂ ತಡವಾದುದರಿಂದ ಕೆಡುವ ಇನ್ನೊಂದು ರೋಗವುಂಟು. ಜ್ವರ ಬಂದಾಗ ತುಟಿಯಂಚಿನಲ್ಲಿ ಏಳುವ ಸಣ್ಣ ಗುಳ್ಳೆಗಳನ್ನು ಎಲ್ಲರೂ ಕಂಡಿದ್ದಾರೆ. ಅವುಗಳಿಗೆ ಕಾರಣವಾದ ಹರ್ಪಿಸ್ ವೈರಾಣುವು ಬಹುಜನರ ಶರೀರದಲ್ಲಿ ಯಾವ ಉಪದ್ರವವನ್ನೂ ಕೊಡದೆ ಅಡಗಿರುತ್ತದೆ. ಅತಿ ವಿರಳವಾಗಿ ಅದೇ ವೈರಾಣುವು ಮೆದುಳನ್ನು ಹೊಕ್ಕು, ವಿಶೇಷವಾಗಿ ಕಿವಿಯ ಮೇಲ್ಭಾಗಕ್ಕೆ ಒಳಗಿರುವ ಪ್ರದೇಶವನ್ನು ಸುಡುತ್ತದೆ. ನೆನಪು, ಮಾತು, ಭಾವಾವೇಗಗಳಿಗೆ ಸಂಬಂಧಪಟ್ಟ ಪ್ರದೇಶವದು. ಆದುದರಿಂದ ರೋಗಿಯು ಮೊದಲು ವಿಚಿತ್ರವಾಗಿ ವರ್ತಿಸುತ್ತಾನೆ. ಹೆಂಡತಿ ಮಕ್ಕಳನ್ನು ಗುರುತಿಸುವುದಿಲ್ಲ. ಇಲ್ಲದ ವಾಸನೆಯನ್ನೂ ಧ್ವನಿಯನ್ನೂ ಗ್ರಹಿಸುತ್ತಾನೆ. ಅಪಸ್ಮಾರದ ಸೆಳವು ಬರುವುದು ಕೆಲವೊಮ್ಮೆ ಆಮೇಲೆ.

ಔಷಧ ಕೊಡದಿದ್ದರೆ ಈ ರೋಗ ತಗಲಿದ ೧೦೦ ಜನರಲ್ಲಿ ಸುಮಾರು ೭೦ ಜನರು ಸಾಯುತ್ತಾರೆ. ಗೆರ್ಟ್ರೂಡ್ ಎಲಿಯನ್ ಎಂಬ ಮಹಿಳೆಯ ನೇತೃತ್ವದಲ್ಲಿ ಶೋಧಿತವಾದ ಅಸೈಕ್ಲೋವಿರ್ ಎಂಬ ಔಷಧವನ್ನು ಬೇಗನೆ ಕೊಟ್ಟರೆ ಆ ಸಂಖ್ಯೆ ೨೦ರಿಂದ ೩೦ಕ್ಕೆ ಇಳಿಯುವುದೆಂದು ೧೯೮೦ರ ದಶಕದ ಪರೀಕ್ಷೆಗಳು ತೋರಿಸಿದವು. ಆ ವಿದುಷಿಗೆ ೧೯೮೮ರಲ್ಲಿ ನೊಬೆಲ್ ಪಾರಿತೋಷಕವೂ ಲಭಿಸಿತು. ‘ಬೇಗನೆ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ತಡವಾದಷ್ಟೂ ಬದುಕುವ ಸಂಭವ ಕುಗ್ಗುತ್ತದೆ. ಬದುಕಿದವನ ಬುದ್ಧಿಯೂ ಪೂರ್ಣವಾಗಿ ಮರಳುವುದಿಲ್ಲ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಅಡಿಕೆ ತೋಟದ ನಡುವಿನ ಮನೆ, ಡಾಮರು ರಸ್ತೆಗೆ ಎರಡು ಮೈಲಿ. ಮನೆಯ ಮಗನಿಗೆ ಎರಡು ದಿನ ಜ್ವರ ಬಂದಿದೆ, ಮೂರನೆಯ ದಿನ ಬಡಬಡಿಸುತ್ತಾನೆ. ಮೊದಲನೆಯ ದಿನ ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ಎರಡನೆಯ ದಿನ ನೂಲು ಕಟ್ಟಿಸುತ್ತಾರೆ. ಮೂರನೆಯ ದಿನ ದೂರದ ಮಂತ್ರವಾದಿಯನ್ನು ಕರೆಸುತ್ತಾರೆ. ನಾಲ್ಕನೆಯ ದಿನ ಸೆಳವು ಬಂದಾಗ ಜೀಪು ಹಿಡಿದು ಸುಳ್ಯಕ್ಕೋ ಪುತ್ತೂರಿಗೋ ಮಂಗಳೂರಿಗೋ ಧಾವಿಸುತ್ತಾರೆ. ಈ ಮನೆಯವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಹಣದ ಖರ್ಚಿಗೂ ಹಿಂಜರಿದವರಲ್ಲ. ತಮ್ಮ ‘ಸೋಂಕು’ ಎಂಬ ಶಬ್ದದ ಇನ್ನೊಂದು ಅರ್ಥವನ್ನು ಯಾರೂ ಅವರಿಗೆ ಸಕಾಲದಲ್ಲಿ ತಿಳಿಸಿರಲಿಲ್ಲ.

ಮಕ್ಕಳಿಗೂ ಕಾಡಿನವರಿಗೂ

ಸೊಳ್ಳೆಯ ಮೂಲಕ ಬರುವ ಜಪಾನಿ ಮೆದುಳುಜ್ವರವು ಪ್ರಕೋಪಕ್ಕೇರಿದಾಗ ೧೦೦ರಲ್ಲಿ ೩೦ ಜನರವರೆಗೆ ಸಾಯುತ್ತಾರೆ. ಬದುಕಿದವರಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗಿನ ಜನರು ಅಂಗವೈಕಲ್ಯ, ಬುದ್ಧಿಮಾಂದ್ಯ, ಸ್ವಭಾವದ ವೈಪರೀತ್ಯ ಇವುಗಳಲ್ಲಿ ಒಂದನ್ನೋ ಹಲವನ್ನೋ ಅನುಭವಿಸುತ್ತಾರೆ. ರಾಜ್ಯ ಸರಕಾರವು ೨೦೨೨ರ ಡಿಸೆಂಬರಿನಲ್ಲಿ ೧೦ ಜಿಲ್ಲೆಗಳಲ್ಲಿ ೧ರಿಂದ ೧೫ ವರ್ಷದೊಳಗಿನ ಮಕ್ಕಳಿಗೆ ಇದರ ಲಸಿಕೆ ಹಾಕಿಸಲು ಕೈಗೊಂಡ ಕಾರ್ಯದಲ್ಲಿ ನಮ್ಮ ದಕ್ಷಿಣ ಕನ್ನಡವೂ ಉಡುಪಿಯೂ ಸೇರಿದ್ದವು.

ದಡಾರವೆಂದರೆ ಮಕ್ಕಳಿಗೆ ಬಂದುಹೋಗುವ ಸಾಮಾನ್ಯ ರೋಗವೆಂದು ತಾಯಂದಿರ ಭಾವನೆ. ಆದರೆ ಎರಡು ವರ್ಷದೊಳಗೆ ದಡಾರ ತಗಲಿದ ಮಕ್ಕಳಲ್ಲಿ ಕೆಲವರ ಮೆದುಳಿನಲ್ಲಿ ಆ ವೈರಾಣುವು ಅಡಗಿ ಕುಳಿತು, ಸುಮಾರು ೭ರಿಂದ ೧೦ ವರ್ಷಗಳ ಬಳಿಕ ತಲೆಯೆತ್ತುತ್ತದೆ. ಓದಿನಲ್ಲಿ ಮುಂದಿದ್ದ ಹುಡುಗನು ಹಿಂದೆ ಬೀಳುತ್ತಾನೆ. ಸಿಡುಕುತ್ತಾನೆ, ಮರೆಯುತ್ತಾನೆ. ಉಪಾಧ್ಯಾಯರು ಸೋಮಾರಿತನವೆಂದು ದಂಡಿಸುತ್ತಾರೆ. ಕ್ರಮೇಣ ಮೈಯಲ್ಲಿ ನಡುಕದ ಎಳೆತಗಳು ಕಾಣಿಸಿಕೊಂಡು ರೋಗವು ಪ್ರಾಣಾಂತಕವಾಗುತ್ತದೆ. ಇದನ್ನು ಗುಣಪಡಿಸುವ ಔಷಧವಿಲ್ಲ. ತಡೆಯುವ ಉಪಾಯವು ಶೈಶವದ ದಡಾರ ಲಸಿಕೆಯೊಂದೇ.

೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ ಪತ್ತೆಯಾದ ಮಂಗನ ಕಾಯಿಲೆಯನ್ನು ಕರ್ನಾಟಕದವರು ಮರೆಯುವಂತಿಲ್ಲ. ಉಣುಗಿನ ಕಡಿತದಿಂದ ಹರಡುವ ಈ ವೈರಾಣುವು ೧೯೮೨-೮೩ರಲ್ಲಿ ನಮ್ಮ ನೆರೆಯ ಬೆಳ್ತಂಗಡಿ ತಾಲೂಕಿನ ಕಾಡಂಚಿನ ಹಳ್ಳಿಗಳಲ್ಲಿಯೂ ಘೋರವಾಗಿ ಹಬ್ಬಿತ್ತು. ಜ್ವರ ಬಿಟ್ಟು ಒಂದೆರಡು ವಾರ ಕಳೆದ ಮೇಲೆ ಕೆಲವು ರೋಗಿಗಳಿಗೆ ಎರಡನೆಯ ಸಲ ಜ್ವರವೇರಿ, ತೀವ್ರ ತಲೆನೋವು, ನಡುಕ, ಮತಿಭ್ರಮಣೆ ಇವು ತೋರುತ್ತವೆ. ಕಾಯಿಲೆ ಮುಗಿಯಿತೆಂದು ಮನೆಯವರು ನಿಶ್ಚಿಂತರಾದ ಹೊತ್ತಿನಲ್ಲಿ ಬರುವ ಈ ಭ್ರಮಣೆಯನ್ನು ಹಿಂದಿನ ಜ್ವರಕ್ಕೆ ಸಂಬಂಧಿಸಿ ನೋಡುವವರು ಎಷ್ಟು ಜನ?

ಇನ್ನೂ ನಿಶ್ಚಯವಾಗದ ಮಾತು

ಇದುವರೆಗೆ ಹೇಳಿದುದೆಲ್ಲವೂ ಪ್ರಮಾಣಸಿದ್ಧವಾದುದು. ಇನ್ನು ಮುಂದಿನ ಮಾತಿಗೆ ಎಚ್ಚರ ಬೇಕು. ಜ್ವರವೂ ಇಲ್ಲದೆ, ಸೆಳವೂ ಇಲ್ಲದೆ, ಯೌವನದಲ್ಲಿ ಮೆಲ್ಲನೆ ಆರಂಭವಾಗಿ ವರ್ಷಗಟ್ಟಲೆ ಉಳಿಯುವ ಸ್ಕಿಜೋಫ್ರೇನಿಯಾದಂಥ ರೋಗಗಳಿಗೂ ವೈರಾಣುವೇ ಕಾರಣವೇ?

ಈ ಸಂಶಯವು ಹಳೆಯದು. ೧೯೧೮ರ ಇನ್‌ಫ್ಲುಯೆಂಜಾ ಮಾರಿಯು ನಮ್ಮ ದೇಶವೊಂದರಲ್ಲಿಯೇ ಕೋಟಿಗೂ ಮೇಲ್ಪಟ್ಟ ಜನರನ್ನು ಆಹುತಿ ತೆಗೆದುಕೊಂಡಿತು. ಆ ಸಮಯದಲ್ಲಿ ಅಮೆರಿಕದ ಬೋಸ್ಟನ್ ನಗರದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಕಾರ್ಲ್ ಮೆನಿಂಜರ್ ಎಂಬ ತರುಣ ವೈದ್ಯನು ಜ್ವರದ ಬೆನ್ನಿಗೆ ಬುದ್ಧಿಭ್ರಮೆ ಹೊಂದಿದವರನ್ನು ಪರೀಕ್ಷಿಸಿ ೧೯೧೯ರಲ್ಲಿ ವರದಿ ಮಾಡಿದನು. ಸ್ಕಿಜೋಫ್ರೇನಿಯಾವನ್ನು ಹೋಲುವ ಲಕ್ಷಣಗಳು ಹಲವರಲ್ಲಿದ್ದವು. ಕೆಲವು ವರ್ಷಗಳ ಬಳಿಕ ವಿಚಾರಿಸಿದಾಗ ಅವರಲ್ಲಿ ಬಹುಪಾಲು ಜನರು ಗುಣ ಹೊಂದಿದ್ದರು.

೧೯೫೭ರ ಇನ್‌ಫ್ಲುಯೆಂಜಾದ ಕಾಲದಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ತಾಯಿಯ ಗರ್ಭದಲ್ಲಿದ್ದು, ನಡುವಣ ಮೂರು ತಿಂಗಳಲ್ಲಿ ಆ ಮಾರಿಗೆ ಸಿಕ್ಕಿದವರಲ್ಲಿ ಸ್ಕಿಜೋಫ್ರೇನಿಯಾ ಹೆಚ್ಚಾಗಿ ಕಂಡುಬಂದಿತೆಂದು ೧೯೮೮ರಲ್ಲಿ ವಿದ್ವಾಂಸರು ಪ್ರಕಟಿಸಿದರು. ತರುವಾಯ ಬೇರೆ ದೇಶಗಳಲ್ಲಿ ನಡೆದ ಪರಿಶೀಲನೆಗಳಲ್ಲಿ ಕೆಲವು ಅದನ್ನು ಸಮರ್ಥಿಸಿದವು, ಕೆಲವು ಸಮರ್ಥಿಸಲಿಲ್ಲ. ಜರ್ಮನಿಯ ಬೋರ್ನಾ ಎಂಬ ಊರಿನ ಹೆಸರನ್ನು ಹೊತ್ತ ಕುದುರೆಗಳ ವೈರಾಣುವು ಮನುಷ್ಯರ ಮನೋವ್ಯಾಧಿಗೂ ಕಾರಣವಾಗಿರಬಹುದೆಂದು ೧೯೮೫ರಲ್ಲಿ ದೊಡ್ಡ ಸುದ್ದಿಯಾಯಿತು. ೨೦೧೨ರಲ್ಲಿ ಕಟ್ಟುನಿಟ್ಟಾಗಿ ಮಾಡಿದ ಪರೀಕ್ಷೆಯಲ್ಲಿ ಮನೋರೋಗಿಗಳಿಗೂ ಆರೋಗ್ಯವಂತರಿಗೂ ಆ ವೈರಾಣುವಿನ ವಿಷಯದಲ್ಲಿ ವ್ಯತ್ಯಾಸವೇನೂ ಕಂಡುಬರಲಿಲ್ಲ. ಶಾಸ್ತ್ರವು ತಾನು ಎತ್ತಿದ ಮಾತನ್ನು ತಾನೇ ತೂಗಿ ಇಳಿಸಿತು. ಇದು ಶಾಸ್ತ್ರಕ್ಕೆ ಗೌರವದ ಸಂಗತಿಯೇ ಹೊರತು ಅವಮಾನವಲ್ಲ.

ಈಚಿನ ಕೊರೋನಾ ಮಾರಿಯ ಅನುಭವವೂ ಇದರೊಡನೆ ಸೇರುತ್ತದೆ. ಆ ರೋಗದಿಂದ ಪಾರಾದ ೨,೩೬,೩೭೯ ಜನರ, ಬಹುಪಾಲು ಅಮೆರಿಕದವರ, ವೈದ್ಯಕೀಯ ದಾಖಲೆಗಳನ್ನು ಆಕ್ಸ್‌ಫರ್ಡಿನ ವಿದ್ವಾಂಸರು ಪರಿಶೀಲಿಸಿ ೨೦೨೧ರಲ್ಲಿ ವರದಿಯನ್ನಿತ್ತರು. ಆರು ತಿಂಗಳೊಳಗೆ ಸುಮಾರು ಮೂರನೆಯ ಒಂದು ಪಾಲು ಜನರಲ್ಲಿ ನರಕ್ಕೋ ಮನಸ್ಸಿಗೋ ಸಂಬಂಧಪಟ್ಟ ಯಾವುದಾದರೊಂದು ವ್ಯಾಧಿ ದಾಖಲಾಗಿತ್ತು. ಅವರಲ್ಲಿ ಎಷ್ಟೋ ಮಂದಿಗೆ ಅದು ಮೊದಲೇ ಇದ್ದುದು. ಜೀವನದಲ್ಲಿ ಮೊದಲ ಬಾರಿಗೆ ಅಂಥ ರೋಗ ಕಂಡವರು ೧೦೦ರಲ್ಲಿ ಸುಮಾರು ೧೩. ಆತಂಕವೂ ಖಿನ್ನತೆಯೂ ಹೆಚ್ಚು, ಪೂರ್ಣ ಬುದ್ಧಿಭ್ರಮೆ ಕಡಿಮೆ. ಇದರಲ್ಲಿ ವೈರಾಣುವಿನ ಪಾಲೆಷ್ಟು, ಮರಣಭಯ, ಏಕಾಂತವಾಸ, ಆರ್ಥಿಕ ನಷ್ಟಗಳ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಇನ್ನೊಂದು ಶೋಧವು ಹೆಚ್ಚು ಆಶಾದಾಯಕವಾದುದು. ವೈರಾಣುವಿನ ಮೇಲೆ ಯುದ್ಧಕ್ಕೆ ಹೊರಟ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಸ್ವಂತ ಮೆದುಳಿನ ಮೇಲೆ ಬೀಳುವುದುಂಟು. ಇಂಥ ಒಂದು ವ್ಯಾಧಿಯನ್ನು ಜೋಸೆಪ್ ಡಾಲ್ಮೌ ಎಂಬ ವೈದ್ಯನೂ ಅವನ ಸಂಗಡಿಗರೂ ೨೦೦೭ರಲ್ಲಿ ವಿವರಿಸಿದರು. ಅದಕ್ಕೆ ತುತ್ತಾದವರಲ್ಲಿ ತರುಣಿಯರೇ ಹೆಚ್ಚು. ಅವರಲ್ಲಿ ಅನೇಕರು ಮೊದಲು ಮನೋವೈದ್ಯರ ಬಳಿಗೆ ಹೋದವರು. ಹರ್ಪಿಸ್ ಮೆದುಳುಜ್ವರದಿಂದ ಎದ್ದ ೫೧ ಜನರನ್ನು ಸ್ಪೇನಿನಲ್ಲಿ ಗಮನಿಸಿದಾಗ ೧೪ ಜನರಲ್ಲಿ ಇಂಥ ಎರಡನೆಯ ವ್ಯಾಧಿಯು ಕಾಣಿಸಿಕೊಂಡಿತೆಂದು ೨೦೧೮ರಲ್ಲಿ ವರದಿಯಾಯಿತು. ಸಕಾಲದಲ್ಲಿ ಗುರುತಿಸಿದರೆ ಇದಕ್ಕೆ ಚಿಕಿತ್ಸೆಯುಂಟು. ಹುಚ್ಚೆಂದು ಕೈಬಿಟ್ಟಿದ್ದ ಹುಡುಗಿಯು ಮರಳಿ ಕಾಲೇಜಿಗೆ ಹೋಗುವುದು ಸಾಧ್ಯವಾಗಿದೆ.

ಒಟ್ಟಿನ ಮಾತಿದು: ಕೆಲವು ಬುದ್ಧಿಭ್ರಮೆಗಳಿಗೆ ವೈರಾಣುವೇ ನೇರವಾದ ಕಾರಣ. ಇನ್ನು ಕೆಲವಕ್ಕೆ ಅದು ಹಲವು ಕಾರಣಗಳಲ್ಲಿ ಒಂದಾಗಿರಬಹುದು. ಉಳಿದ ಬಹುತೇಕ ಮನೋವ್ಯಾಧಿಗಳಲ್ಲಿ ವಂಶದ ಗುಣ, ಗರ್ಭಾವಸ್ಥೆ, ಬಾಲ್ಯ, ದುಃಖ, ದಾರಿದ್ರ್ಯ, ಮದ್ಯಪಾನ ಮೊದಲಾದ ಎಳೆಗಳು ಹೆಣೆದುಕೊಂಡಿವೆ. ಎಲ್ಲ ಹುಚ್ಚೂ ವೈರಾಣುವಿನಿಂದಲೇ ಎಂದು ಸಾರಿ ಔಷಧ ಮಾರಬರುವವರನ್ನು ಜನರು ಮಂತ್ರವಾದಿಗಳಷ್ಟೇ ದೂರವಿಡಬೇಕು.

ಅಪಾರ್ಥಕ್ಕೆ ಅವಕಾಶ ಬೇಡ

‘ಸೋಂಕು’ ಎಂಬ ಮಾತನ್ನು ಕೇಳಿ ಜನರು ಇನ್ನೊಂದು ಅನ್ಯಾಯಕ್ಕೆ ಇಳಿಯಬಾರದು. ಮನೋರೋಗಿಯ ಬಳಿ ಕುಳಿತರೆ, ಅವನೊಡನೆ ಉಂಡರೆ, ಅವನ ಮನೆಯಿಂದ ಹೆಣ್ಣು ತಂದರೆ ಹುಚ್ಚು ಅಂಟುತ್ತದೆಂಬುದು ಶುದ್ಧ ಸುಳ್ಳು. ವೈರಾಣುವು ನಾಯಿಯಿಂದಲೋ ಸೊಳ್ಳೆಯಿಂದಲೋ ಉಣುಗಿನಿಂದಲೋ ಬರಬಹುದು. ಹುಚ್ಚು ಹುಚ್ಚನಿಂದ ಬರುವುದಿಲ್ಲ. ರೇಬಿಸ್ ರೋಗಿಯ ಶುಶ್ರೂಷೆಯಲ್ಲಿ ಅವನ ಜೊಲ್ಲಿನ ವಿಷಯದಲ್ಲಿ ಮಾತ್ರ ವೈದ್ಯರು ಹೇಳಿದ ಎಚ್ಚರಿಕೆ ಸಾಕು. ನಿಜವಾಗಿ ನೋಡಿದರೆ ಈ ಜ್ಞಾನವು ಕಳಂಕವನ್ನು ತೊಡೆಯತಕ್ಕದ್ದು. ಮಲೇರಿಯಾ ಬಂದವನನ್ನು ಯಾರೂ ಪಾಪಿಯೆನ್ನುವುದಿಲ್ಲ, ಅವನ ಕುಟುಂಬಕ್ಕೆ ಶಾಪವಿದೆಯೆನ್ನುವುದಿಲ್ಲ. ಮೆದುಳಿಗೆ ರೋಗ ಬಂದವನಿಗೆ ಮಾತ್ರ ಆ ನ್ಯಾಯವನ್ನು ನಾವೇಕೆ ನಿರಾಕರಿಸಬೇಕು? ರೋಗಿಯನ್ನು ಸರಪಳಿಯಿಂದ ಕಟ್ಟಿಹಾಕುವುದನ್ನು ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಸ್ಪಷ್ಟವಾಗಿ ನಿಷೇಧಿಸಿದೆ.

ಮಾಡತಕ್ಕುದೇನು?

ಗೃಹಸ್ಥರಿಗೆ ನಮ್ಮ ವಿಜ್ಞಾಪನೆಯು ಸರಳವಾದುದು. ಎಂದೂ ಹಾಗಿಲ್ಲದವನು ಕೆಲವೇ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಬದಲಾದರೆ, ಜೊತೆಗೆ ಜ್ವರ, ತಲೆನೋವು, ವಾಂತಿ, ಸೆಳವು, ಮಂಪರು, ಸ್ಥಳ ಕಾಲಗಳ ಅರಿವು ತಪ್ಪುವುದು ಇವುಗಳಲ್ಲಿ ಯಾವುದಾದರೂ ಇದ್ದರೆ, ಅದನ್ನು ಮೆದುಳಿನ ರೋಗವೆಂದೇ ಭಾವಿಸಿ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ನಾಯಿ, ಬೆಕ್ಕು ಕಚ್ಚಿದರೂ ಪರಚಿದರೂ ಕೂಡಲೇ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ಲಸಿಕೆಯ ಎಲ್ಲ ಕಂತುಗಳನ್ನೂ ಮುಗಿಸಬೇಕು. ಹಿಂದೆ ನಾಯಿ ಕಚ್ಚಿದುದು, ಕಾಡಿಗೆ ಹೋದುದು, ಬಾಲ್ಯದಲ್ಲಿ ದಡಾರ ಬಂದುದು ಇವನ್ನೆಲ್ಲ ವೈದ್ಯರಿಗೆ ತಾವಾಗಿಯೇ ಹೇಳಬೇಕು. ದೈವಕ್ಕೆ ಹರಕೆ ಹೇಳಿಕೊಳ್ಳುವವರನ್ನು ನಾವು ತಡೆಯುವುದಿಲ್ಲ. ಹರಕೆಯನ್ನು ಗುಣವಾದ ಮೇಲೆ ಸಲ್ಲಿಸಿದರೂ ನಡೆಯುತ್ತದೆ. ಔಷಧವನ್ನು ತಡವಾಗಿ ಕೊಟ್ಟರೆ ನಡೆಯುವುದಿಲ್ಲ.

ಅಧಿಕಾರಿಗಳ ಹೊಣೆಯು ಇನ್ನೂ ಹಿರಿದು. ರೇಬಿಸ್ ರೋಗವನ್ನು ಸರಕಾರಕ್ಕೆ ಕಡ್ಡಾಯವಾಗಿ ವರದಿ ಮಾಡತಕ್ಕುದೆಂದು ಕರ್ನಾಟಕವು ೨೦೨೨ರಲ್ಲಿ ಘೋಷಿಸಿತು. ನಾಯಿಯಿಂದ ಬರುವ ರೇಬಿಸನ್ನು ೨೦೩೦ರೊಳಗೆ ನಿರ್ಮೂಲಗೊಳಿಸಬೇಕೆಂದು ಕೇಂದ್ರ ಸರಕಾರವು ಯೋಜನೆಯನ್ನೂ ಹೊರಡಿಸಿದೆ. ಘೋಷಣೆಯೂ ಯೋಜನೆಯೂ ಕಾಗದದಿಂದಿಳಿದು ಘಟ್ಟದ ಬುಡದ ಪ್ರಾಥಮಿಕ ಆರೋಗ್ಯ ಕೇಂದ್ರದ ಶೀತಕಪಾಟಿನವರೆಗೆ ಬರಬೇಕು. ಕಚ್ಚಿಸಿಕೊಂಡು ಬಂದ ಕೂಲಿಯವನಿಗೆ ‘ಲಸಿಕೆ ಮುಗಿದಿದೆ, ನಾಳೆ ಬಾ’ ಎಂಬ ಉತ್ತರ ಎಲ್ಲಿಯೂ ಸಿಗಬಾರದು. ಬೀದಿನಾಯಿಗಳಿಗೆ ಲಸಿಕೆ ಹಾಕಿಸುವುದು ಪಂಚಾಯತಿಗಳ ಕರ್ತವ್ಯವೆಂಬುದನ್ನು ಅವು ಮರೆಯಬಾರದು.

ಮನೋವೈದ್ಯವನ್ನು ಹಳ್ಳಿಗೆ ಒಯ್ಯುವ ಕಾರ್ಯದಲ್ಲಿ ಕರ್ನಾಟಕವು ಹಿಂದುಳಿದಿಲ್ಲ. ನಿಮ್ಹಾನ್ಸಿನವರು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಶಿಕ್ಷಣವಿತ್ತು ನಡೆಸಿದ ಪ್ರಯೋಗವೇ ಇಂದಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಅಲ್ಲಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಸುಳ್ಯದಂಥ ಪಟ್ಟಣದಲ್ಲಿಯೇ ೨೦೦೨ರಿಂದ ಒಂದು ವೈದ್ಯಕೀಯ ಕಾಲೇಜು ಇರುವಾಗ, ಮೆದುಳಿನ ಜ್ವರವೋ ಮನಸ್ಸಿನ ರೋಗವೋ ಎಂದು ಮೊದಲು ವಿಚಾರಿಸಲು ಬೆಂಗಳೂರಿನವರೆಗೆ ಕಾಯಬೇಕಾಗಿಲ್ಲ. ಹಳ್ಳಿಯ ಆಶಾ ಕಾರ್ಯಕರ್ತೆಯೂ ಶಾಲೆಯ ಉಪಾಧ್ಯಾಯರೂ ಈ ಲಕ್ಷಣಗಳನ್ನು ಬಲ್ಲವರಾಗಬೇಕು. ಜೋಯಿಸರೂ ಗುತ್ತಿನ ಯಜಮಾನರೂ ಮನಸ್ಸು ಮಾಡಿದರೆ ಇನ್ನೂ ಒಳ್ಳೆಯದು. ‘ಮೊದಲು ಡಾಕ್ಟರರಿಗೆ ತೋರಿಸಿ ಬನ್ನಿ’ ಎಂದು ಅವರು ಹೇಳುವ ಒಂದು ಮಾತಿಗೆ ನಮ್ಮ ಹತ್ತು ಲೇಖನಗಳಿಗಿಲ್ಲದ ಬೆಲೆಯುಂಟು.

ನಮ್ಮ ಹಿರಿಯರು ‘ಸೋಂಕು’ ಎಂದುದರಲ್ಲಿ ಪೂರ್ಣ ತಪ್ಪಿರಲಿಲ್ಲ. ಹೊರಗಿನದೇನೋ ಬಂದು ಮನುಷ್ಯನನ್ನು ಮುಟ್ಟಿದೆ, ದೋಷ ಅವನದಲ್ಲ ಎಂಬ ಕರುಣೆಯು ಆ ಮಾತಿನಲ್ಲಿತ್ತು. ಮುಟ್ಟಿದುದು ಯಾವುದೆಂಬುದನ್ನು ತಿಳಿಯುವ ಸಾಧನ ಮಾತ್ರ ಅವರಲ್ಲಿರಲಿಲ್ಲ, ನಮ್ಮಲ್ಲಿದೆ. ಆ ಕರುಣೆಯನ್ನು ಉಳಿಸಿಕೊಂಡು, ಈ ಸಾಧನವನ್ನು ಸಕಾಲದಲ್ಲಿ ಉಪಯೋಗಿಸುವುದೊಂದೇ ಈಗ ಉಳಿದಿರುವ ಕೆಲಸ.